ಕೊಕ್ಕೆಯ ಕೆಳಗೆ

ಮೇಲಿನಿಂದ ನೋಡಿದರೆ ಯಾರಿಗೂ ಮುಖವಿರಲಿಲ್ಲ, ಹೆಲ್ಮೆಟ್ಟುಗಳಿದ್ದವು. ಹಳದಿ ಹೆಲ್ಮೆಟ್ಟುಗಳು ಕಬ್ಬಿಣ ಕಟ್ಟುತ್ತಿದ್ದವು, ನೀಲಿಯವು ಹಲಗೆ ಹೊಡೆಯುತ್ತಿದ್ದವು. ಬಿಳಿಯದು ಒಂದೇ ಒಂದು, ಮೇಸ್ತ್ರಿಯದು. ಅದು ಏನೂ ಮಾಡದೆ ಎಲ್ಲರ ನಡುವೆ ಅಡ್ಡಾಡುತ್ತಿತ್ತು. ಕೆಂಪು ಹೆಲ್ಮೆಟ್ಟು ಭಾವನದು. ಕ್ರೇನಿನ ಕೊಕ್ಕೆ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಕೆಂಪು ಹೆಲ್ಮೆಟ್ಟು ಹೋಗಬೇಕು, ವಾಕಿಟಾಕಿಯಲ್ಲಿ ಎಡ, ಬಲ, ಇಳಿಸು, ತಡಿ ಎನ್ನಬೇಕು. ಭಾವ ಅಂದದ್ದನ್ನು ಅಂದ ಹಾಗೆ, ಮೇಲೆ ಕ್ರೇನಿನ ಈ ಗಾಜಿನ ಗೂಡಿನಲ್ಲಿ ಕುಳಿತ ಅವನು ಮಾಡಬೇಕು. ಸೈಟಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೇಲಿನವನು ಎನ್ನುತ್ತಿದ್ದರು. ಮೇಲಿನವನು ಬಂದನೇ, ಮೇಲಿನವನು ಉಂಡನೇ, ಮೇಲಿನವನಿಗೆ ಇವತ್ತು ಸಿಟ್ಟು ಬಂದಿದೆ. ಈ ಕೆಲಸ ಕೊಡಿಸಿದ್ದು ಭಾವನೇ. ತನ್ನ ತಲೆಯ ಮೇಲೆ ಭಾರ ತೂಗಾಡುವವನು ಗೊತ್ತಿದ್ದವನಾದರೆ ನೆಮ್ಮದಿ ಎಂದು ಮೇಸ್ತ್ರಿಯ ಬಳಿ ಹೇಳಿ ಕೊಡಿಸಿದ್ದು. ಆ ಮಾತು ಅವನಿಗೆ ಈಚೆಗೆ ಬೇಡವೆಂದರೂ ನೆನಪಾಗುತ್ತಿತ್ತು, ಅದರಲ್ಲೂ ಕಿಬ್ಬೊಟ್ಟೆಯೊಳಗೆ ಆ ಉರಿ ಎದ್ದಾಗ.

ಉರಿ ಈಗಲೂ ಎದ್ದಿತ್ತು. ಬೆಳಿಗ್ಗೆ ಏಣಿ ಹತ್ತುವ ಮೊದಲು ಕೆಳಗಿನ ಶೆಡ್ಡಿನ ಕಕ್ಕಸಿಗೆ ಹೋಗಿದ್ದ, ಏಣಿಯ ನಡುವಿನ ಕಟ್ಟೆಯ ಮೇಲೆ ನಿಂತು ತುಟಿ ಕಚ್ಚಿಕೊಂಡಿದ್ದ, ಮೇಲೆ ಬಂದ ಕೂಡಲೇ ಬಾಟಲಿ ಹುಡುಕಿದ್ದ. ಕ್ರೇನಿನವರೆಲ್ಲ ಮೇಲೆ ಬಾಟಲಿ ಇಟ್ಟುಕೊಳ್ಳುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಹೊತ್ತಿಗೊಮ್ಮೆ ಇಳಿದು ಹತ್ತುತ್ತಾ ಕೂತರೆ ಕಟ್ಟಡ ಏಳುವುದು ಯಾವಾಗ? ಆದರೆ ಅವನು ತನ್ನ ಬಾಟಲಿಗೆ ಹಳೆಯ ಪೇಪರು ಸುತ್ತಿದ್ದ. ತುಂಬಿದ್ದೇನೆಂದು ತನಗೂ ಕಾಣಬಾರದು. ಬರುವುದು ನಾಲ್ಕು ಹನಿ. ಆ ನಾಲ್ಕು ಹನಿಗೆ ಕಣ್ಣಲ್ಲಿ ನೀರು. ಹೊರಬಂದದ್ದು ಬೀಟ್‌ರೂಟು ತೊಳೆದ ನೀರಿನ ಬಣ್ಣದ್ದು, ಕೆಲವು ದಿನ ಅದರಲ್ಲಿ ಚೂರು ಚೂರಾಗಿ ಏನೋ ತೇಲುತ್ತಿತ್ತು, ತನ್ನದೇ ಒಳಗಿನ ಗೋಡೆಯ ಗಾರೆ ಕಿತ್ತು ಬಂದ ಹಾಗೆ. ಮನೆಯಲ್ಲಿ ಇರುವುದು ಒಂದೇ ಬಚ್ಚಲು. ಇವತ್ತೂ ಭಾವ ಬಾಗಿಲು ಬಡಿದಿದ್ದ. “ಏನೋ, ಒಳಗೆ ಸಂಸಾರ ಹೂಡಿದ್ಯಾ? ಆಚೆ ಇನ್ನೊಬ್ಬ ಮನುಷ್ಯ ಇದಾನೆ ಅಂತ ನೆನಪಿಟ್ಕೋ!” ಹೊರಬಂದಾಗ ಅಕ್ಕ ಕಾಲು ಮಡಚಿ ಕುಳಿತು ತನ್ನ ಸಮವಸ್ತ್ರದ ಗುಂಡಿ ಹೊಲಿಯುತ್ತಿದ್ದಳು, ಹೋಟೆಲೊಂದರಲ್ಲಿ ಇಡೀ ದಿನ ಹಾಸಿಗೆಯ ಚಾದರಗಳನ್ನು ಇಸ್ತ್ರಿ ಮಾಡುವ ಕೆಲಸ ಅವಳದು. ಅವನು ಒದ್ದೆ ಚಡ್ಡಿಯನ್ನು ಟವೆಲಿನೊಳಗೆ ಮುದುರಿ ಹಿಡಿದಿದ್ದನ್ನು ನೋಡಿ ನಕ್ಕಳು. “ಇದ್ದಕ್ಕಿದ್ದ ಹಾಗೆ ನಿನ್ನ ಬಟ್ಟೆ ನೀನೇ ಒಗ್ಕೊಳೋಕೆ ಶುರು ಮಾಡಿದೀಯ. ಯಾವಳೋ ಅವ್ಳು? ನಮಗೂ ಒಂಚೂರು ಹೇಳು.” ಅವನೂ ನಕ್ಕ. ಪ್ರೀತಿಯಲ್ಲಿ ಬಿದ್ದವನ ನಗು ಹೇಗಿರುತ್ತದೆಂದು ಅಂದಾಜು ಮಾಡಿ ಹಾಗೆಯೇ ನಕ್ಕ. ಆ ನಗು ಅಕ್ಕನಿಗೆ ಸಾಕಾಯಿತು. ಅವಳಿಗೆ ಅಷ್ಟು ಸುಲಭವಾಗಿ ಸಾಕಾಗಿದ್ದೇ ಅವನಿಗೆ ಅವಮಾನವೆನಿಸಿತು.

“ಮೇಲಿರೋನೇ, ಕಣ್ಬಿಟ್ಟಿದ್ಯಾ? ಭಕ್ತರು ಕಾಯ್ತಿದೀವಿ,” ಎಂದಿತು ವಾಕಿಟಾಕಿ.

“ಹೇಳಿ ಭಾವ.”

“ಹಲಗೆ ಕಟ್ಟಿದೆ. ನಿಧಾನ ಎತ್ತು. ನಿನ್ನಕ್ಕ ನನ್ನ ತಲೆ ಮೇಲೆ ಹೊರಿಸಿರೋ ಭಾರಾನೇ ಸಾಕು, ಇದನ್ನೂ ಹಾಕ್ಬೇಡ.”

ಯಾರೋ ನಕ್ಕದ್ದು ವಾಕಿಟಾಕಿಯಲ್ಲಿ ಗೊರಗೊರ ಎಂದಿತು. “ಹರಟೆ ಕಡಿಮೆ ಮಾಡ್ರೋ, ಚಾನಲ್ ಬಿಡಿ,” ಎಂದಿತು ಮೇಸ್ತ್ರಿಯ ದನಿ. ಬಲಗೈಯ ಹಿಡಿ ಹಿಂದಕ್ಕೆ ಎಳೆದರೆ ಭಾರ ಏಳುತ್ತದೆ, ಎಡಗೈ ತಿರುಗಿಸಿದರೆ ಕ್ರೇನಿನ ಉದ್ದ ತೋಳು ಆಕಾಶದಲ್ಲಿ ತಿರುಗುತ್ತದೆ. ಗೂಡೂ ಅದರ ಜೊತೆ ತಿರುಗುತ್ತದೆ, ಆದ್ದರಿಂದ ಅವನಿಗೆ ತಾನು ತಿರುಗಿದೆನೆಂದು ಅನಿಸುವುದಿಲ್ಲ. ಊರೇ ಒಂದು ದೊಡ್ಡ ತಟ್ಟೆಯ ಹಾಗೆ ತನ್ನ ಕಾಲ ಕೆಳಗೆ ಮೆಲ್ಲಗೆ ಸರಿದಂತೆ ಅನಿಸುತ್ತದೆ. ಮಹಡಿಗಳು, ನೀರಿನ ಟ್ಯಾಂಕುಗಳು, ಒಣಹಾಕಿದ ಬಟ್ಟೆ, ರಸ್ತೆ ದಾಟುವ ಹೆಂಗಸಿನ ಕೊಡೆ, ಎಲ್ಲವೂ ಸದ್ದಿಲ್ಲದೆ. ವಾರದ ಕೊನೆಗೆ ರಾತ್ರಿಯಿಡೀ ಕುಣಿಯುವ ಆ ಹಾಲ್‌ನಲ್ಲಿ ಮೊದಲ ಸಲ ಆದದ್ದೂ ಹೀಗೆಯೇ. ಹಾಡಿನ ಪೆಟ್ಟು ಎದೆಗೂಡಿನಲ್ಲಿ ಬೀಳುತ್ತಿತ್ತು, ಬೆಳಕು ನೀರಿನೊಳಗಿನ ಬೆಳಕಿನಂತೆ ಬಾಗುತ್ತಿತ್ತು, ಗುಬ್ಬಿ ಅವನ ಕಿವಿಯ ಹತ್ತಿರ ಬಾಯಿ ತಂದು, “ಹೆದರ್ಬೇಡ, ಕೆಟಮಿನ್ ಇದು, ಕುದುರೆ ಆಪರೇಷನ್ನಿಗೆ ಕೊಡ್ತಾರಂತೆ, ನೀನೇನು ಕುದುರೆಗಿಂತ ದೊಡ್ಡೋನಾ?” ಎಂದಿದ್ದಳು. ಗುಬ್ಬಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಎರಡು ಕಾಲೂ ಒಟ್ಟಿಗೆ ಎತ್ತಿ ಕುಪ್ಪಳಿಸಿ ಕುಣಿಯುತ್ತಿದ್ದದ್ದಕ್ಕೆ ಆ ಹೆಸರು. ಸ್ವಲ್ಪ ಹೊತ್ತಿಗೆ ನೆಲ ಅವನನ್ನು ಬಿಟ್ಟುಕೊಟ್ಟಿತು. ತನ್ನ ಕೈ ಯಾರದ್ದೋ ಕೈಯಂತೆ ಬಹಳ ದೂರದಲ್ಲಿ ಲೋಟ ಹಿಡಿದಿತ್ತು. ಯಾವ ನೋವೂ ಇಲ್ಲ, ಯಾರ ಋಣವೂ ಇಲ್ಲ, ಭಾವನ ಮನೆಯ ಸೋಫಾದ ಮೇಲೆ ಮಲಗುವ ಮೈದುನನೆಂಬ ಮನುಷ್ಯ ಎಲ್ಲೋ ಕೆಳಗೆ ಸಣ್ಣಗೆ ಕಾಣುತ್ತಿದ್ದ, ಅವನನ್ನು ನೋಡಿ ಇವನಿಗೆ ಅಯ್ಯೋ ಎನಿಸಿರಲಿಲ್ಲ. ದಿನವಿಡೀ ಎತ್ತರದಲ್ಲಿ ಕುಳಿತವನಿಗೂ ಅದಕ್ಕಿಂತ ಎತ್ತರ ಬೇಕಾಗಿತ್ತೆಂದರೆ ಯಾರಾದರೂ ನಕ್ಕಾರು.

ಹಲಗೆಗಳು ಸರಿಯಾಗಿ ಇಳಿದವು. “ಬಿಚ್ಚಿದೆ,” ಎಂದ ಭಾವ. ಖಾಲಿ ಕೊಕ್ಕೆ ಮೇಲೇಳುತ್ತಿದ್ದ ಹಾಗೆಯೇ ಹೊಟ್ಟೆಯೊಳಗೆ ಯಾರೋ ಗಾಜಿನ ಚೂರು ತಿರುವಿದಂತಾಯಿತು. ಮುಂದಕ್ಕೆ ಬಾಗಿದ, ಹಣೆ ಗಾಜಿಗೆ ತಾಗಿತು. ಕುಣಿತದ ಹಾಲ್‌ನ ಕಕ್ಕಸಿನ ಮುಂದಿನ ಸಾಲಿನಲ್ಲಿ ಇದು ತಮಾಷೆಯಾಗಿತ್ತು. ಕೆಟಮಿನ್ ಪುಡಿ ಎಳೆಯುವವರೆಲ್ಲ ಅಲ್ಲಿಯೇ ಸಿಗುತ್ತಿದ್ದರು, ಹೋಗಿ ಬಂದವರೇ ಮತ್ತೆ ಸಾಲಿನ ಕೊನೆಗೆ ನಿಲ್ಲುತ್ತಿದ್ದರು, “ನಿಂದೂ ತೂತು ಬಿದ್ದಿದ್ಯಾ?” ಎಂದು ಒಬ್ಬರನ್ನೊಬ್ಬರು ಕೇಳಿ ಬಿದ್ದು ಬಿದ್ದು ನಗುತ್ತಿದ್ದರು. ಅಮಲಿನ ಮಾತ್ರೆ ನುಂಗಿದವರ ಕಷ್ಟ ಬೇರೆ: ಹಲ್ಲು ಕಡಿಯುತ್ತಾ ಮೈ ಒಲೆಯ ಹಾಗೆ ಕಾದು ಕುಳಿತಿರುತ್ತಿದ್ದರು. ಅಂಥ ಒಬ್ಬ ಕಟ್ಟುಮಸ್ತಾದ ಹುಡುಗನನ್ನು ನಾಲ್ವರು ಹೊತ್ತುಕೊಂಡು ಆಂಬುಲೆನ್ಸಿಗೆ ಹಾಕಿದ್ದನ್ನು ಅವನು ನೋಡಿದ್ದ. ಆ ಹುಡುಗ ಮತ್ತೆ ಬರಲಿಲ್ಲ, ಯಾರೂ ಕೇಳಲೂ ಇಲ್ಲ. ತಮ್ಮದು ಅಷ್ಟು ಅಪಾಯದ್ದಲ್ಲ ಎಂದು ಪುಡಿಯವರು ಅಂದುಕೊಂಡಿದ್ದರು. ಉರಿ ಶುರುವಾದಾಗ ಮದ್ದೂ ಕೈಯಲ್ಲೇ ಇತ್ತು. ಆಪರೇಷನ್ನಿಗೆ ಕೊಡುವ ಪುಡಿ ತಾನೇ, ನೋವು ಮರೆಸುವುದೇ ಅದರ ಕೆಲಸ. ಒಂದು ಚಿಟಿಕೆ ಎಳೆದರೆ ಹೊಟ್ಟೆ ಯಾರದ್ದೋ ಹೊಟ್ಟೆಯಾಗಿಬಿಡುತ್ತಿತ್ತು. ಮೆಲ್ಲಗೆ ವಾರದ ಕೊನೆಯ ಪುಡಿ ವಾರದ ನಡುವಿನದೂ ಆಯಿತು, ಆಮೇಲೆ ಹೆಲ್ಮೆಟ್ಟಿನ ಒಳಪಟ್ಟಿಯ ಸಂದಿಯಲ್ಲಿ ಕುಳಿತು ಕ್ರೇನನ್ನೂ ಹತ್ತಿತು. ಮನೆಗೆ ಬೆಂಕಿ ಇಟ್ಟವನನ್ನೇ ನೀರು ಹಾಕಲು ಕರೆಯುತ್ತಿದ್ದೇನೆಂದು ಅವನಿಗೆ ತಿಳಿಯದ್ದೇನಲ್ಲ. ತಿಳಿಯುವುದು ಒಂದು, ಹೊಟ್ಟೆಯೊಳಗೆ ಗಾಜು ತಿರುಗುವಾಗ ಕೈ ಎತ್ತ ಹೋಗುತ್ತದೆಂಬುದು ಇನ್ನೊಂದು.

ಡಾಕ್ಟರ ಬಳಿಗೂ ಹೋಗಿದ್ದ. ಅವರು ಬೆಳ್ಳಿಗೂದಲಿನ, ಅವಸರವಿಲ್ಲದ ಹೆಂಗಸು. ಮೊದಲು ಸೋಂಕು ಎಂದು ಮಾತ್ರೆ ಕೊಟ್ಟರು. ಎರಡನೆಯ ಸಲ ರಿಪೋರ್ಟನ್ನು ಬೆಳಕಿಗೆ ಹಿಡಿದು, “ಕ್ರಿಮಿ ಏನೂ ಬೆಳೆದಿಲ್ವಲ್ಲಪ್ಪ. ರಕ್ತ ಮಾತ್ರ ಹೋಗ್ತಿದೆ. ನಿಮ್ಮ ವಯಸ್ಸಿಗೆ ಇದು ಬರೋ ಕಾಯಿಲೆ ಅಲ್ಲ,” ಎಂದರು. ಅವನ ಮುಖವನ್ನೇ ನೋಡಿ, “ಏನಾದ್ರೂ ತಗೋತೀರಾ?” ಎಂದರು. ಅವನು “ಟೀ” ಎಂದ. ಅವರು ಕಾದರು. ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದಿತ್ತು. “ಎರಡು ಸಲ. ಕೆಲಸ ಜಾಸ್ತಿ ಇದ್ದಾಗ ಮೂರು,” ಎಂದ. ಅವರು ಪೆನ್ನಿನ ಮುಚ್ಚಳ ಹಾಕಿ, ನೆನಪಾದಾಗ ಬನ್ನಿ ಎಂದರು. ನೆನಪಾದಾಗ! ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡಿದ್ದ, ಆಮೇಲೆ ಅದೇ ಕಟ್ಟಡದ ಕಕ್ಕಸಿಗೆ ಓಡಿದ್ದ.

ಗುಬ್ಬಿ ಆ ಹಾಲ್‌ಗೆ ಬರುವುದನ್ನು ನಿಲ್ಲಿಸಿ ಬಹಳ ದಿನವಾಗಿತ್ತು. ಕಳೆದ ವಾರ ಔಷಧಿ ಅಂಗಡಿಯಲ್ಲಿ ಸಿಕ್ಕಳು. ಕೆನ್ನೆ ಒಳಗೆ ಹೋಗಿತ್ತು. ಕೌಂಟರಿನ ಮೇಲೆ ದೊಡ್ಡವರು ಕಟ್ಟಿಕೊಳ್ಳುವ ಡೈಪರಿನ ಕಟ್ಟು. ಅವನು ನೋಡಿದ್ದನ್ನು ನೋಡಿ, “ಅಜ್ಜಿಗೆ ಕಣೋ,” ಎಂದಳು. ಅಜ್ಜಿ ಸತ್ತ ದಿನ ಅವಳು ಅವನ ಭುಜದ ಮೇಲೆ ಅತ್ತಿದ್ದಳು, ಅತ್ತು ಮುಗಿಸಿ ಪುಡಿ ಕೇಳಿದ್ದಳು. ಇಬ್ಬರಿಗೂ ಅದು ಒಟ್ಟಿಗೇ ನೆನಪಾಯಿತು. ಅಂಗಡಿಯವನು ಕಟ್ಟನ್ನು ಕಪ್ಪು ಚೀಲಕ್ಕೆ ಹಾಕುತ್ತಿದ್ದ, ಚೀಲ ಸಣ್ಣದಾಗಿ ಮೂಲೆ ಹೊರಗೆ ಚಾಚಿತ್ತು. ರಸ್ತೆಗೆ ಬಂದ ಮೇಲೆ ಅವಳು ಅವನ ಕಡೆ ತಿರುಗದೆ ಹೇಳಿದಳು: “ನನ್ನ ಉಚ್ಚೆಚೀಲ ಕುಗ್ಗಿ ಹೋಗಿದ್ಯಂತೆ. ಅರ್ಧ ಲೋಟ ನೀರೂ ನಿಲ್ಲಲ್ಲ. ಈಗ ಕಿಡ್ನಿಗೂ ಹತ್ತಿದೆ ಅಂತಾರೆ, ಕರುಳು ಕತ್ತರಿಸಿ ಹೊಸ ಚೀಲ ಹೊಲೀಬೇಕಂತೆ. ನಿಂಗೂ ಶುರುವಾಗಿದ್ಯಾ?” ಅವನು ಇಲ್ಲವೆಂದ. “ಶುರುವಾಗಿದ್ರೆ ಈಗ್ಲೇ ಬಿಡು. ಬೇಗ ಬಿಟ್ಟೋರಿಗೆ ತಾನಾಗೇ ವಾಸಿ ಆಗೋದುಂಟಂತೆ. ನಾನು ಲೇಟು.” ಲೇಟು ಎಂದದ್ದು ಬಸ್ಸು ತಪ್ಪಿದವರ ಹಾಗೆ. ಆಮೇಲೆ ಅವಳು ರಸ್ತೆ ದಾಟಿದಳು. ಕುಪ್ಪಳಿಸಲಿಲ್ಲ, ತೊಡೆಗಳನ್ನು ಕೂಡಿಸಿಕೊಂಡು ಸಣ್ಣ ಸಣ್ಣ ಹೆಜ್ಜೆ ಹಾಕಿದಳು.

ಈಗ ಗೂಡಿನಲ್ಲಿ ಅವನು ಹೆಲ್ಮೆಟ್ಟು ತೆಗೆದ. ಅವನದೇ ಒಂದು ನಿಯಮವಿತ್ತು: ಕೊಕ್ಕೆ ಖಾಲಿಯಿದ್ದಾಗ ಮಾತ್ರ, ನೋವು ಅಡಗುವಷ್ಟು ಮಾತ್ರ, ತೇಲುವಷ್ಟಲ್ಲ. ನೋವು ಎಲ್ಲಿ ಮುಗಿದು ತೇಲುವುದು ಎಲ್ಲಿ ಶುರುವಾಗುತ್ತದೆಂದು ಮೊದಮೊದಲು ಗೊತ್ತಾಗುತ್ತಿತ್ತು. ನಿನ್ನೆಯ ಚಿಟಿಕೆ ಇವತ್ತಿಗೆ ಸಾಲಲಿಲ್ಲ. ಇನ್ನೊಂದು ಎಳೆದ. ಮೂಗಿನ ಬುಡ ಉರಿಯಿತು, ಗಂಟಲಿಗೆ ಕಹಿ ಇಳಿಯಿತು, ಮತ್ತೆ ಹೊಟ್ಟೆ ಮೆಲ್ಲಗೆ ಅವನನ್ನು ಬಿಟ್ಟು ದೂರ ಸರಿದು ಹೋಯಿತು, ದಡದಿಂದ ದೋಣಿ ಸರಿಯುವ ಹಾಗೆ. ಎಷ್ಟು ಸುಖ. ಬಿಸಿಲು ಗಾಜಿನ ಮೇಲೆ ಹಾಲಿನಂತೆ ಹರಡಿತ್ತು.

“ಸರಳಿನ ಕಟ್ಟು ರೆಡಿ. ಎತ್ತು.”

ಎತ್ತಿದ. ಉದ್ದುದ್ದ ಕಬ್ಬಿಣದ ಸರಳುಗಳ ಕಟ್ಟು ನೆಲ ಬಿಟ್ಟಿತು, ತುದಿಗಳು ಮೀಸೆಯ ಹಾಗೆ ಅದುರಿದವು. ತೋಳು ತಿರುಗಿತು, ಊರು ತಿರುಗಿತು. ಊರು ತಿರುಗುವುದು ನಿಂತ ಮೇಲೂ ಸ್ವಲ್ಪ ತಿರುಗುತ್ತಲೇ ಇತ್ತು. ಅವನು ಅದನ್ನು ಆಸಕ್ತಿಯಿಂದ ನೋಡಿದ. ಹೊಸ ಸ್ಲ್ಯಾಬಿನ ಮೇಲೆ ಕೆಂಪು ಹೆಲ್ಮೆಟ್ಟು ನಿಂತಿತ್ತು, ಒಂದು ಕೈ ಮೇಲೆತ್ತಿ. ಕೆಂಪು ಎಷ್ಟು ಚೆನ್ನಾಗಿತ್ತೆಂದರೆ ಬೆರಳು ಚಾಚಿ ಅದನ್ನು ಎತ್ತಿ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಆ ಕೆಂಪಿನ ಪಕ್ಕದಲ್ಲಿ ಒಂದು ಕಪ್ಪು ಗೆರೆ ಇತ್ತು. ಅದು ಸರಳಿನ ಕಟ್ಟೋ, ಕಟ್ಟಿನ ನೆರಳೋ? ನೆರಳಾದರೆ ಕಟ್ಟು ಎಲ್ಲಿದೆ? ಹಿಡಿಯ ಮೇಲಿದ್ದ ಕೈಗಳನ್ನು ನೋಡಿದ. ಅವು ಬಹಳ ಹಿಂದೆ ಯಾರೋ ಅಲ್ಲಿ ಮರೆತು ಹೋದ ಕೈಗವಸುಗಳ ಹಾಗೆ ಕುಳಿತಿದ್ದವು.

“ಇಳಿಸು… ಇಳಿಸು… ಎಡಕ್ಕೆ. ಏಯ್, ಎಡಕ್ಕೆ ಅಂದೆ. ನಿನ್ನೆಡ ಎಲ್ಲಿ ಹೋಯ್ತೋ?”

ಭಾವನ ದನಿ ಮೊದಲು ಬಂತು, ಅರ್ಥ ಆಮೇಲೆ ಬಂತು. ಅವೆರಡರ ನಡುವೆ ಒಬ್ಬ ಮನುಷ್ಯ ಆರಾಮಾಗಿ ನಡೆದು ಹೋಗುವಷ್ಟು ಜಾಗವಿತ್ತು. ಆ ಜಾಗದಲ್ಲಿ ಅವನಿಗೆ ತಣ್ಣಗೆ ಒಂದು ವಿಷಯ ಹೊಳೆಯಿತು: ಕಟ್ಟು ಭಾವನ ಪಕ್ಕದಲ್ಲಿ ಇದೆಯೋ ಭಾವನ ಮೇಲೆಯೇ ಇದೆಯೋ ಎಂಬುದು ತನಗೆ ಗೊತ್ತಿಲ್ಲ. ಹೆದರಿಕೆ ಆಗಬೇಕಿತ್ತು. ಹೆದರಿಕೆಯೂ ದೋಣಿಯಲ್ಲಿ ಹೋಗಿಬಿಟ್ಟಿತ್ತು. ಅದಿಲ್ಲದ್ದನ್ನು ನೋಡಿಯೇ ಅವನು ಹಿಡಿಗಳಿಂದ ಎರಡೂ ಕೈ ತೆಗೆದ. ಕೈ ಬಿಟ್ಟರೆ ಯಂತ್ರ ತಾನಾಗಿ ಬ್ರೇಕು ಹಿಡಿಯುತ್ತದೆ. ಕಟ್ಟು ಇದ್ದಲ್ಲಿಯೇ ನಿಂತು ಸಣ್ಣಗೆ ತೂಗತೊಡಗಿತು. ವಾಕಿಟಾಕಿಯ ಗುಂಡಿ ಒತ್ತಿದ.

“ಭಾವ, ನೀವು ಅಲ್ಲಿಂದ ಆಚೆ ಹೋಗಿ.”

“ಎಲ್ಲಿಗೆ ಹೋಗ್ಲಿ? ನಿನ್ನಕ್ಕ ಬೆಳಿಗ್ಗೇನೇ ಮನೆಯಿಂದ ಆಚೆ ಹಾಕಿದಾಳೆ.” ನಗು ಗೊರಗೊರಗುಟ್ಟಿತು.

“ತಮಾಷೆ ಅಲ್ಲ. ಹೋಗಿ.”

“ಗಾಳಿನಾ? ಇಲ್ಲಿ ಗಾಳಿ ಇಲ್ವಲ್ಲೋ.”

“ಗಾಳಿ ಅಲ್ಲ.” ಗಾಳಿ ಎಂದುಬಿಡಬಹುದಿತ್ತು. ಯಂತ್ರ ಕೆಟ್ಟಿದೆ ಎನ್ನಬಹುದಿತ್ತು, ತಲೆ ಸುತ್ತು ಎನ್ನಬಹುದಿತ್ತು, ಡಾಕ್ಟರ ಮುಂದೆ ಟೀ ಎಂದವನಿಗೆ ಬಾಯಿಗೆ ಬರದ ಸುಳ್ಳೇ? ಆಗ ನಾಳೆ ಬೆಳಿಗ್ಗೆ ಮತ್ತೆ ಏಣಿ ಹತ್ತುತ್ತಾನೆ, ಒಳಪಟ್ಟಿಯಲ್ಲಿ ಪುಡಿಯಿರುತ್ತದೆ, ಕೊಕ್ಕೆಯ ಕೆಳಗೆ ಭಾವ ಇರುತ್ತಾನೆ. ಗುಂಡಿಯ ಮೇಲೆ ಬೆರಳು ಹಾಗೆಯೇ ಇತ್ತು. ಅವನ ಉಸಿರು ಇಡೀ ಸೈಟಿಗೆ ಕೇಳುತ್ತಿತ್ತು. “ಪುಡಿ ಎಳೆದಿದೀನಿ. ಕೆಟಮಿನ್. ನಂಗೆ ಕಟ್ಟು ಎಲ್ಲಿದೆ ಅಂತ ಕಾಣ್ತಿಲ್ಲ. ಕೈ ಬಿಟ್ಟಿದೀನಿ. ಎಲ್ರೂ ಅದರ ಕೆಳಗಿಂದ ಹೋಗಿ.”

ಯಾರೂ ನಗಲಿಲ್ಲ. ಸ್ಲ್ಯಾಬಿನ ಮೇಲೆ ಹೆಲ್ಮೆಟ್ಟುಗಳು, ಚೆಲ್ಲಿದ ಕಾಳಿನ ಹಾಗೆ, ಅಂಚಿನ ಕಡೆಗೆ ಉರುಳಿದವು. ಕೆಂಪು ಎಲ್ಲರಿಗಿಂತ ಕೊನೆಗೆ ಹೊರಟಿತು. “ಏನಂದ ಅವ್ನು?” ಎಂದು ಮೇಸ್ತ್ರಿ ಕೇಳುತ್ತಿದ್ದ, “ಏನಂದ?” ಭಾವನ ದನಿ ಬಂತು. ಬೇರೆ ಯಾರದ್ದೋ ದನಿ ಎನ್ನಿಸುವಷ್ಟು ಸಪಾಟಾಗಿತ್ತು. “ಏನೂ ಮುಟ್ಬೇಡ. ಕೈ ಎರಡೂ ತೊಡೆ ಕೆಳಗೆ ಇಟ್ಕೊಂಡು ಅದರ ಮೇಲೆ ಕೂತ್ಕೋ. ಬರ್ತಿದೀನಿ.”

ಕೈಗಳ ಮೇಲೆ ಕುಳಿತ. ಭಾವ ಬರುವವರೆಗೆ ಎಷ್ಟು ಹೊತ್ತಾಯಿತೋ. ಒಮ್ಮೆ ಅಕ್ಕ ಗಾಜಿನ ಆಚೆ ಬಿಳಿ ಚಾದರವೊಂದನ್ನು ಝಾಡಿಸಿದಂತೆ ಕಂಡಿತು, ಅದು ಮೋಡ. ಒಮ್ಮೆ ತಾನು ಸತ್ತು ಬಹಳ ದಿನವಾಗಿದೆಯೆಂದೂ ಇದು ಯಾರಿಗೂ ತೊಂದರೆ ಕೊಡದ ಒಳ್ಳೆಯ ಏರ್ಪಾಡೆಂದೂ ಅನಿಸಿತು. ಆಮೇಲೆ ಏಣಿಯಲ್ಲಿ ಬೂಟಿನ ಸದ್ದು, ಏದುಸಿರು, ಬಾಗಿಲು. ಭಾವನ ಮುಖ ಬೆವರಿನಲ್ಲಿ ತೊಯ್ದಿತ್ತು. ಗೂಡಿನಲ್ಲಿ ಒಬ್ಬರಿಗಷ್ಟೇ ಜಾಗ. ಭಾವ ಕುರ್ಚಿಗೂ ಗಾಜಿಗೂ ನಡುವೆ ತೂರಿಕೊಂಡು ನಿಂತ, ಅವನ ಮೊಣಕಾಲು ಬಾಟಲಿಗೆ ತಾಗಿ ಸುತ್ತಿದ ಪೇಪರು ಜಾರಿತು. ಭಾವ ಬಗ್ಗಿ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ.

“ಏನೋ ಇದು?”

“ಉಚ್ಚೆ.”

“ಇದಾ?”

ಭಾವ ಬಾಟಲಿಯನ್ನು ಮೊದಲಿದ್ದ ಜಾಗದಲ್ಲಿಯೇ, ಒಡೆಯುವ ವಸ್ತುವಿನ ಹಾಗೆ ಇಟ್ಟ. ಬೆಳಗಿನ ಬಚ್ಚಲಿನ ಬಾಗಿಲು ಅವನಿಗೂ ನೆನಪಾಗಿರಬೇಕು, ಕಿವಿ ಕೆಂಪಾಯಿತು. ಆದರೆ ಅವನು ಕೇಳಿದ್ದು ಅದನ್ನಲ್ಲ. ಗಾಜಿನ ಆಚೆ, ಜನರಿಲ್ಲದ ಸ್ಲ್ಯಾಬಿನ ಮೇಲೆ ತೂಗುತ್ತಿದ್ದ ಕಬ್ಬಿಣವನ್ನು ನೋಡುತ್ತಾ ಕೇಳಿದ.

“ನನ್ನ ತಲೆ ಮೇಲೆ ಎಷ್ಟು ಸಲ?”

ಇವತ್ತೊಂದೇ ದಿನ ಎನ್ನುವ ಮಾತು ನಾಲಗೆಯ ತುದಿಗೆ ಬಂದು ಕುಳಿತಿತು. ಪುಡಿ ಇಳಿಯತೊಡಗಿತ್ತು, ದೂರ ಹೋಗಿದ್ದ ಹೊಟ್ಟೆ ವಾಪಸು ಬರುತ್ತಿತ್ತು, ಅದರ ಹಿಂದೆ ಹೆದರಿಕೆ.

“ದಿನಾ,” ಎಂದ.

ಭಾವ ಹೊಡೆಯುತ್ತಾನೆಂದು ಕಾದ. ಹೊಡೆಯಲು ಕೈ ಎತ್ತುವಷ್ಟು ಜಾಗ ಅಲ್ಲಿರಲಿಲ್ಲ. ಭಾವ ತನ್ನ ಹೆಲ್ಮೆಟ್ಟು ತೆಗೆದು ನೆತ್ತಿಯನ್ನು ಒಮ್ಮೆ ಅಂಗೈಯಿಂದ ಸವರಿಕೊಂಡ, ಅಲ್ಲಿ ಏನೋ ಇದೆಯೇ ಎಂದು ನೋಡುವವನ ಹಾಗೆ. ಕೂದಲು ತೆಳ್ಳಗಾಗಿತ್ತು. ಇಷ್ಟು ಹತ್ತಿರದಿಂದ ಆ ತಲೆಯನ್ನು ಅವನು ಎಂದೂ ನೋಡಿರಲಿಲ್ಲ.

“ಬೋಳಿಮಗನೇ,” ಎಂದ ಭಾವ, ಸಿಟ್ಟಿಲ್ಲದೆ. ಆಮೇಲೆ ವಾಕಿಟಾಕಿಯಲ್ಲಿ, ಆ ಕಡೆಯ ಕ್ರೇನಿನವನನ್ನು ಕಳಿಸಲು ಹೇಳಿದ. ಅವನು ಊಟ ಬಿಟ್ಟು ಬರುತ್ತಿದ್ದಾನಂತೆ. “ಇವ್ನು ಮತ್ತೆ ಈ ಏಣಿ ಹತ್ತಲ್ಲ,” ಎಂದ ಮೇಸ್ತ್ರಿ, ಎಲ್ಲರಿಗೂ ಕೇಳುವಂತೆ. “ಇಲ್ಲ,” ಎಂದ ಭಾವ. ಅಷ್ಟರಲ್ಲಿ ಉರಿ ಪೂರ್ತಿ ಬಂದಿತ್ತು. ಅವನು ಬಾಟಲಿಯ ಕಡೆ ನೋಡಿದ, ಭಾವನ ಕಡೆ ನೋಡಿದ. ಭಾವ ಗಾಜಿನ ಕಡೆ ತಿರುಗಿ ನಿಂತ. ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರದಲ್ಲಿ, ಮುಚ್ಚಿಟ್ಟುಕೊಳ್ಳಲು ಏನೂ ಉಳಿಯದೆ, ಅವನು ಬಾಟಲಿ ಹಿಡಿದು ಮೊದಲ ಸಲ ತುಟಿ ಕಚ್ಚದೆ ನರಳಿದ. ಭಾವನ ಭುಜ ಪ್ರತಿ ಸಲವೂ ಸಣ್ಣಗೆ ಬಿಗಿಯುತ್ತಿತ್ತು.

“ಡಾಕ್ಟ್ರಿಗೆ ತೋರಿಸ್ದ್ಯಾ?”

“ತೋರಿಸ್ದೆ. ಹೇಳ್ಲಿಲ್ಲ.”

“ಇವತ್ತು ಹೇಳ್ತೀಯ. ನಾನು ಪಕ್ಕದಲ್ಲೇ ಕೂತಿರ್ತೀನಿ. ಟೀ-ಗೀ ಅಂದ್ರೆ ಅಲ್ಲೇ ಒದೀತೀನಿ.” ಟೀ ಎಂದದ್ದು ಭಾವನಿಗೆ ಹೇಗೆ ಗೊತ್ತು ಎಂದು ಬೆಚ್ಚಿ ನೋಡಿದ, ತಾನೇ ಆಗಿನಿಂದ ಎಲ್ಲವನ್ನೂ ಗಟ್ಟಿಯಾಗಿ ಹೇಳುತ್ತಿದ್ದನೋ ಏನೋ, ಡಾಕ್ಟರು, ಫ್ಯಾನು, ಕಪ್ಪು ಚೀಲ, ಎಲ್ಲವನ್ನೂ.

ಬಿಸಿಲು ಓರೆಯಾಯಿತು. ಆ ಕಡೆಯ ಕ್ರೇನಿನವನು ಬಂದು, ಏಣಿಯ ನಡುವಿನ ಕಟ್ಟೆಯ ಮೇಲೆ ಇವರು ಇಳಿಯಲೆಂದು ಕಾಯುತ್ತಿದ್ದ. ಭಾವ ಬೆರಳು ತೋರಿಸಿ ಎಷ್ಟು ಎಂದು ಮತ್ತೆ ಮತ್ತೆ ಕೇಳಿದ. ಸರಿಯುತ್ತರ ಬರತೊಡಗಿದ ಮೇಲೆ ಬಾಗಿಲು ತೆರೆದ. ಗಾಳಿ ಒಳಗೆ ನುಗ್ಗಿತು. ಬೇರೆಯವರಾಗಿದ್ದರೆ ಅವನನ್ನು ಮುಂದೆ ಬಿಟ್ಟು ತಾವು ಮೇಲಿನಿಂದ ಬರುತ್ತಿದ್ದರು, ಬುದ್ಧಿ ಇರುವವರು ಹಾಗೆಯೇ ಮಾಡುತ್ತಾರೆ. ಭಾವ ಏಣಿಗೆ ಕಾಲಿಟ್ಟು ಮೊದಲು ಇಳಿದ, ಎದೆಯವರೆಗೆ ಇಳಿದು ನಿಂತು ತಲೆಯೆತ್ತಿದ.

“ನೀವು ಕೆಳಗೆ ಬೇಡ ಭಾವ. ನಾನು ಜಾರಿದ್ರೆ…”

“ಜಾರಿದ್ರೆ ನನ್ನ ಮೇಲೆ ಬೀಳ್ತೀಯ. ಅದಕ್ಕೇ ನೋಡ್ಕೊಂಡು ಇಳಿ.”

ಅವನು ಬೆನ್ನು ತಿರುಗಿಸಿ ಅಂಚಿನಲ್ಲಿ ಮಂಡಿಯೂರಿದ. ಬಲಗಾಲನ್ನು ಕೆಳಗೆ ಬಿಟ್ಟ. ಪಾದ ಮೆಟ್ಟಿಲನ್ನು ಹುಡುಕಿತು, ಸಿಗಲಿಲ್ಲ, ಗಾಳಿಯಲ್ಲಿ ಆಡಿತು. ಆಗ ಕೈಯೊಂದು ಹಿಮ್ಮಡಿಯನ್ನು ಹಿಡಿದುಕೊಂಡಿತು. ದೊಡ್ಡವರು ಚಿಕ್ಕವರ ಕಾಲು ಮುಟ್ಟಬಾರದೆಂದು ಹುಟ್ಟಿದಾಗಿನಿಂದ ಗೊತ್ತಿದ್ದ ಕಾಲು ತಾನಾಗಿಯೇ ಮೇಲಕ್ಕೆ ಸರಿಯಿತು. ಕೈ ಬಿಡಲಿಲ್ಲ. ಅದು ಕಾಲನ್ನು ಕೆಳಗೆಳೆದು ಮೆಟ್ಟಿಲ ಮೇಲೆ ಇಟ್ಟಿತು, ಒತ್ತಿ ನೋಡಿತು, ಆಮೇಲೆ ಇನ್ನೊಂದು ಕಾಲಿಗಾಗಿ ಕಾಯಿತು.